ಉದ್ಯೋಗ ಕೊಡಿಸುವವರ ಚರಿತ್ರೆ

ಕೆಲಸವನ್ನು ಅರಸುವವನಿಗೂ ಕೆಲಸವನ್ನು ಕೊಡುವವನಿಗೂ ನಡುವೆ ಬಹುಕಾಲದಿಂದ ಮೂರನೆಯವನೊಬ್ಬನು ನಿಂತಿರುವನು. ಅರಸುವವನಿಗೆ ಕೆಲಸವು ಎಲ್ಲಿರುವುದೆಂಬುದು ತಿಳಿಯದು. ಕೊಡುವವನಿಗೆ ಯಾರನ್ನು ನಂಬಬಹುದೆಂಬುದು ತಿಳಿಯದು. ಎರಡನ್ನೂ ಬಲ್ಲೆನೆಂದು ಹೇಳಿಕೊಂಡು ಈ ಮೂರನೆಯವನು ಮುಂದೆ ಬರುತ್ತಾನೆ. ಮಲೆನಾಡಿನ ಕಾಫಿ ತೋಟಗಳಲ್ಲಿ ಅವನ ಹೆಸರು ಮೇಸ್ತ್ರಿ. ಸಿಂಹಳದ್ವೀಪದ ಚಹಾ ತೋಟಗಳಲ್ಲಿ ಕಂಗಾಣಿ. ಕರಾರಿನ ಕೂಲಿಗಳನ್ನು ಹಡಗಿಗೆ ಹತ್ತಿಸುತ್ತಿದ್ದ ಉತ್ತರ ಹಿಂದೂಸ್ಥಾನದಲ್ಲಿ ಅರ್ಕಾಟಿ. ಮುಂಬಯಿಯ ಹತ್ತಿಯ ಗಿರಣಿಗಳಲ್ಲಿ ಜಾಬರ ಅಥವಾ ಮುಕಾದಮ. ಈ ಕಾಲದಲ್ಲಿ ಅವನು ನೇಮಕಾತಿ ಸಂಸ್ಥೆಯೆಂಬ ಹಲಗೆಯನ್ನು ತೂಗುಹಾಕಿಕೊಂಡು, ಹವೆಯನ್ನು ತಂಪುಮಾಡಿದ ಕೊಠಡಿಯಲ್ಲಿ ಕುಳಿತಿದ್ದಾನೆ. ಉಡುಪು ಬದಲಾಗಿದೆ, ಇರುವ ಸ್ಥಾನ ಬದಲಾಗಿಲ್ಲ.

ಇಂಥವನನ್ನು ಕುರಿತು ಲೋಕದಲ್ಲಿ ಎರಡು ಬಗೆಯ ಮಾತುಂಟು. ಅನ್ನದ ದಾರಿಯನ್ನು ತೋರಿಸಿದ ಪುಣ್ಯಾತ್ಮನೆಂದು ಕೆಲವರು ಕೈಮುಗಿಯುವರು. ಬಡವನ ಬೆವರನ್ನು ಮಾರಿಕೊಂಡ ದಲ್ಲಾಳಿಯೆಂದು ಕೆಲವರು ಶಪಿಸುವರು. ಚರಿತ್ರೆಯನ್ನು ನೋಡಿದರೆ ಎರಡು ಮಾತಿಗೂ ಆಧಾರವಿದೆ. ಆದರೆ ಒಬ್ಬ ಮಧ್ಯಸ್ಥನು ಉಪಕಾರಿಯಾಗುವುದೂ ಮತ್ತೊಬ್ಬನು ಅಪಕಾರಿಯಾಗುವುದೂ ಕೇವಲ ಅವರವರ ಗುಣದಿಂದಲೇ ನಿರ್ಣಯವಾದುದಲ್ಲ. ಅವನಿಗೆ ಕೂಲಿಯನ್ನು ಕೊಡುವವರು ಯಾರು, ಆ ಕೂಲಿಯು ಯಾವ ಗಳಿಗೆಯಲ್ಲಿ ಅವನ ಕೈಸೇರುತ್ತದೆ ಎಂಬ ಎರಡು ಸಂಗತಿಗಳು ಅವನ ನಡತೆಯನ್ನು ಬಹುಮಟ್ಟಿಗೆ ಮೊದಲೇ ಗೊತ್ತುಮಾಡಿಟ್ಟಿರುತ್ತವೆ. ಕಳೆದ ಇನ್ನೂರು ವರ್ಷಗಳ ವೃತ್ತಾಂತವು ಈ ಮಾತಿಗೆ ಸಾಕ್ಷಿಯಾಗಿದೆ.

೧

ಬಾಬಾಬುಡನ್ ಗಿರಿಯ ಇಳಿಜಾರಿನಲ್ಲಿ ಕಾಫಿಯ ಗಿಡವು ಬೇರೂರಿದುದು ಬಹು ಹಿಂದಿನ ಮಾತು. ಆದರೆ ಹಿತ್ತಿಲಿನ ಬೆಳೆಯಾಗಿದ್ದ ಕಾಫಿಯು ದೊಡ್ಡ ತೋಟಗಳ ಬೆಳೆಯಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಆ ಶತಮಾನದ ನಡುಭಾಗದ ಹೊತ್ತಿಗೆ ಚಿಕ್ಕಮಗಳೂರು, ಮಂಜರಾಬಾದು ಮತ್ತು ಕೊಡಗಿನ ಸೀಮೆಗಳಲ್ಲಿ ಐರೋಪ್ಯರು ಕಾಡನ್ನು ಕಡಿದು ತೋಟಗಳನ್ನು ಹಾಕತೊಡಗಿದರು. ಸ್ಥಳದ ಗೌಡರೂ ಕೊಡವರೂ ಅದೇ ವ್ಯವಸಾಯಕ್ಕೆ ಕೈಹಾಕಿದರು. ಭೂಮಿಯು ಒದಗಿತು, ಮಳೆಯು ಒದಗಿತು, ನೆರಳಿನ ಮರಗಳು ಒದಗಿದುವು; ಆಳುಗಳು ಮಾತ್ರ ಒದಗಲಿಲ್ಲ. ಮಲೆನಾಡಿನಲ್ಲಿ ಜನವು ವಿರಳ. ಇದ್ದವರಿಗೂ ಅವರವರ ಗದ್ದೆಗಳ ಕೆಲಸವೇ ಹೊರೆಯಾಗಿದ್ದಿತು. ಕಾಫಿಯ ಹಣ್ಣಾದರೋ ಕಾಯುವಂಥದಲ್ಲ. ಮಾಗಿದ ಕೆಲವು ವಾರಗಳೊಳಗೆ ಕೊಯ್ಯದಿದ್ದರೆ ಉದುರಿ ಮಣ್ಣುಪಾಲಾಗುತ್ತದೆ.

ಈ ಕೊರತೆಯನ್ನು ತುಂಬಲು ಬಂದವನೇ ಮೇಸ್ತ್ರಿ. ಕರಾವಳಿಯ ಮೊದಲ ಬೆಳೆಯ ಕೊಯ್ಲು ಮುಗಿದ ಮೇಲೆ ಅವನು ಹಳ್ಳಿಹಳ್ಳಿಗಳಲ್ಲಿ ಆಳುಗಳನ್ನು ಕೂಡಿಸಿ, ಶಿರಾಡಿ, ಚಾರ್ಮಾಡಿ, ಸಂಪಾಜೆಗಳ ದಾರಿಯಲ್ಲಿ ಅವರನ್ನು ಘಟ್ಟಕ್ಕೆ ಹತ್ತಿಸುತ್ತಿದ್ದನು. ಮುಂಗಾರು ಹಿಡಿಯುವುದಕ್ಕೆ ಮುಂಚೆ ಅವರು ಮರಳಿ ಕೆಳಗಿಳಿಯುತ್ತಿದ್ದರು. ಮೈಸೂರಿನ ಬಯಲುಸೀಮೆ, ಮಲಬಾರು, ತಮಿಳುನಾಡುಗಳಿಂದಲೂ ಇದೇ ರೀತಿಯಲ್ಲಿ ಗುಂಪುಗಳು ಬರುತ್ತಿದ್ದುವು. ತೋಟದ ದೊರೆಗೆ ಆಳುಗಳ ಮುಖಪರಿಚಯವಿರಲಿಲ್ಲ, ಅವರ ಭಾಷೆಯೂ ಬರುತ್ತಿರಲಿಲ್ಲ. ಆಳುಗಳಿಗೆ ತೋಟವೆಂದರೆ ಚಳಿಜ್ವರದ ಕಾಡು. ಇಬ್ಬರ ನಡುವೆ ನಂಬಿಕೆಯ ಸೇತುವೆಯಾಗಿದ್ದವನು ಮೇಸ್ತ್ರಿಯೊಬ್ಬನೇ.

ಆ ಸೇತುವೆಯು ಹಣದಿಂದ ಕಟ್ಟಿದ್ದಾಗಿತ್ತು. ದೊರೆಯು ಮೇಸ್ತ್ರಿಗೆ ಮುಂಗಡವನ್ನು ಕೊಡುವನು. ಮೇಸ್ತ್ರಿಯು ಊರಿಗೆ ಹೋಗಿ ಅದನ್ನು ಆಳುಗಳಿಗೆ ಹಂಚುವನು. ಮಗಳ ಮದುವೆಗೆ, ಹಳೆಯ ಸಾಲದ ತೀರುವಳಿಗೆ, ಮನೆಯಲ್ಲಿ ಉಳಿಯುವ ಮುದುಕರ ಅಕ್ಕಿಗೆ ಆ ಹಣವು ಆಗುತ್ತಿದ್ದಿತು. ತೋಟಕ್ಕೆ ಬಂದ ಮೇಲೆ ಕೂಲಿಯಲ್ಲಿ ಅದು ಮುರಿದುಹೋಗತಕ್ಕದ್ದು. ತನ್ನ ಗುಂಪು ದುಡಿದ ಕೂಲಿಯ ಮೇಲೆ ನೂರಕ್ಕೆ ಇಷ್ಟೆಂದು ಮೇಸ್ತ್ರಿಗೆ ದಸ್ತೂರಿ ಸಲ್ಲುತ್ತಿದ್ದಿತು. ಕೊಟ್ಟ ಮುಂಗಡವೆಷ್ಟು, ಅದರಲ್ಲಿ ಆಳಿನ ಕೈಗೆ ಬಂದುದೆಷ್ಟು, ದಾರಿಯ ಖರ್ಚೆಂದು ಹಿಡಿದುಕೊಂಡುದೆಷ್ಟು ಎಂಬ ಲೆಕ್ಕವೆಲ್ಲ ಮೇಸ್ತ್ರಿಯ ಬಾಯಲ್ಲಿಯೇ ಇರುತ್ತಿದ್ದಿತು. ಓದುಬರಹವನ್ನರಿಯದ ಆಳು ಹೆಬ್ಬೆಟ್ಟನ್ನೊತ್ತಿ ಸುಮ್ಮನಾಗುತ್ತಿದ್ದನು. ಋತುವಿನ ಕೊನೆಯಲ್ಲಿ ಲೆಕ್ಕವಾದಾಗ ಬಾಕಿ ನಿಂತರೆ, ಮುಂದಿನ ವರ್ಷವೂ ಅದೇ ಮೇಸ್ತ್ರಿಯ ಹಿಂದೆ ಅದೇ ಘಟ್ಟವನ್ನು ಹತ್ತಬೇಕು.

ಹಾಗೆಂದು ಮೇಸ್ತ್ರಿಯನ್ನು ಕೇವಲ ಪೀಡಕನೆನ್ನುವುದು ನ್ಯಾಯವಾಗದು. ಅವನು ಸಾಮಾನ್ಯವಾಗಿ ಆಳುಗಳ ಸೀಮೆಯವನೇ, ಎಷ್ಟೋ ಸಲ ಅವರ ಜಾತಿಯವನೇ. ಜ್ವರ ಬಂದು ಮಲಗಿದವನ ಪರವಾಗಿ ರೈಟರ ಮುಂದೆ ಮಾತನಾಡುವವನು ಅವನೇ; ಲೈನು ಮನೆಯಲ್ಲಿ ಜಗಳವಾದರೆ ಬಿಡಿಸುವವನೂ ಅವನೇ. ಮರಳಿ ಊರಿಗೆ ಹೋಗಿ ಆಳಿನ ತಂದೆತಾಯಿಗಳ ಮುಖವನ್ನು ನೋಡಬೇಕಾದ ಭಯವೂ ಅವನಿಗಿದ್ದಿತು. ಗುಂಪು ದುಡಿದಷ್ಟು ದಿನ ಮಾತ್ರ ಅವನಿಗೆ ದಸ್ತೂರಿಯಾದುದರಿಂದ, ಆಳುಗಳು ಬದುಕಿ ಉಳಿದು ದುಡಿಯುವುದು ಅವನಿಗೂ ಬೇಕಾಗಿದ್ದಿತು. ಆದರೆ ಅದೇ ಕಾರಣದಿಂದ ಅವರು ಬಿಟ್ಟುಹೋಗದಂತೆ ನೋಡಿಕೊಳ್ಳುವುದೂ ಅವನಿಗೆ ಬೇಕಾಗಿದ್ದಿತು. ಸಾಲವು ತೀರದಿರುವುದೇ ಅದಕ್ಕೆ ಸುಲಭವಾದ ಉಪಾಯ.

೨

ಈ ಸಾಲದ ಹಗ್ಗಕ್ಕೆ ಸರಕಾರವು ಕಬ್ಬಿಣದ ಕೊಂಡಿಯನ್ನು ಸೇರಿಸಿತು. ಕಲ್ಕತ್ತೆಯ ವ್ಯಾಪಾರಿಗಳ ಸಂಘದವರು, ಮುಂಗಡ ಪಡೆದ ಕೆಲಸಗಾರರು ಕೆಲಸವನ್ನು ಬಿಟ್ಟು ಓಡಿಹೋಗುತ್ತಾರೆಂದು ದೂರಿಕೊಂಡುದರ ಫಲವಾಗಿ ೧೮೫೯ರಲ್ಲಿ ೧೩ನೆಯ ಕಾಯಿದೆಯು ಹೊರಟಿತು. ಮೊದಲು ಕಲ್ಕತ್ತೆ, ಮದರಾಸು, ಮುಂಬಯಿ ಪಟ್ಟಣಗಳಿಗೆಂದು ಮಾಡಿದ ಈ ಕಾಯಿದೆಯನ್ನು ಬರಬರುತ್ತ ಇತರ ಸೀಮೆಗಳಿಗೂ, ತೋಟಗಳಿಗೂ ಹಬ್ಬಿಸಲಾಯಿತು. ಮುಂಗಡ ಪಡೆದವನು ಕರಾರಿನಂತೆ ನಡೆಯದಿದ್ದರೆ ಧಣಿಯು ಮ್ಯಾಜಿಸ್ಟ್ರೇಟರಲ್ಲಿ ಫಿರ್ಯಾದು ಕೊಡಬಹುದು. ಹಣವನ್ನು ಹಿಂದಿರುಗಿಸಬೇಕೋ ಕೆಲಸವನ್ನೇ ಮಾಡಬೇಕೋ ಎಂಬುದನ್ನು ಆರಿಸುವ ಹಕ್ಕು ಧಣಿಯದು. ಆಜ್ಞೆಯನ್ನು ಮೀರಿದವನಿಗೆ ಮೂರು ತಿಂಗಳವರೆಗೆ ಕಠಿನ ಸೆರೆವಾಸ. ಧಣಿಯು ಕೂಲಿಯನ್ನು ಕೊಡದೆ ಕರಾರನ್ನು ಮುರಿದರೆ ಅವನಿಗೆ ಸೆರೆಮನೆಯನ್ನು ಈ ಕಾಯಿದೆಯು ವಿಧಿಸಿರಲಿಲ್ಲ. ಸಿವಿಲು ವ್ಯವಹಾರವಾಗಬೇಕಾದ ಸಾಲವು ಒಂದು ಪಕ್ಷಕ್ಕೆ ಮಾತ್ರ ಅಪರಾಧವಾಯಿತು.

ಅರುವತ್ತು ವರ್ಷಗಳಿಗೆ ಮೀರಿ ಈ ಕಾಯಿದೆಯು ನಡೆಯಿತು. ೧೯೨೦ರಲ್ಲಿ ಅದರ ಹಲ್ಲನ್ನು ಸ್ವಲ್ಪ ಮಟ್ಟಿಗೆ ಮೊಂಡುಮಾಡಲಾಯಿತು. ೧೯೨೫ರಲ್ಲಿ ಅದರ ರದ್ದಿಯು ಅಂಗೀಕೃತವಾಗಿ ಮರುವರ್ಷದಿಂದ ಜಾರಿಗೆ ಬಂದಿತು. ಕೊಡಗಿನಲ್ಲಿ ಮಾತ್ರ ೧೯೨೬ರ ಪ್ರತ್ಯೇಕ ಶಾಸನವೊಂದರಿಂದ ಇದೇ ಬಗೆಯ ಶಿಕ್ಷೆಯು ಇನ್ನು ಕೆಲವು ವರ್ಷ ಉಳಿಯಿತು. ಕಾಫಿಯ ಪಾತ್ರೆಯನ್ನು ಕೈಯಲ್ಲಿ ಹಿಡಿದ ಮನೆಮನೆಯವರಿಗೂ ಈ ಸಂಗತಿಯು ನೆನಪಿರುವುದು ಒಳ್ಳೆಯದು.

೩

ಇದೇ ಪದ್ಧತಿಯು ಕಡಲನ್ನು ದಾಟಿ ಸಿಂಹಳಕ್ಕೆ ಹೋದಾಗ ಕಂಗಾಣಿಯ ಹೆಸರನ್ನು ಪಡೆಯಿತು. ತಮಿಳುನಾಡಿನ ಜಿಲ್ಲೆಗಳಿಂದ ಕಂಗಾಣಿಯು ತನ್ನ ನೆಂಟರಿಷ್ಟರನ್ನೂ ಊರವರನ್ನೂ ಕರೆದೊಯ್ಯುವನು. ಕೆಲಸಕ್ಕೆ ಹಾಜರಾದ ಪ್ರತಿಯೊಬ್ಬ ಆಳಿಗೆ ದಿನವೊಂದಕ್ಕೆ ಇಷ್ಟು ಕಾಸೆಂದು ತೋಟದಿಂದ ಅವನಿಗೆ ಸಲ್ಲುತ್ತಿದ್ದಿತು. ಅಲ್ಲಿ ‘ತುಂಡು’ ಎಂಬ ಚೀಟಿಯ ವ್ಯವಹಾರವೊಂದು ಬೆಳೆಯಿತು. ಈ ಗುಂಪಿನ ಸಾಲ ಇಷ್ಟು, ಅದನ್ನು ತೀರಿಸಿದವರಿಗೆ ಗುಂಪನ್ನು ಬಿಟ್ಟುಕೊಡುತ್ತೇವೆ ಎಂದು ಒಂದು ತೋಟದವರು ಬರೆದುಕೊಡುವ ಚೀಟಿಯೇ ತುಂಡು. ಕಂಗಾಣಿಯು ಅದನ್ನು ಹಿಡಿದು ಮತ್ತೊಂದು ತೋಟಕ್ಕೆ ಹೋಗಿ, ಹಳೆಯ ಸಾಲವನ್ನು ತೀರಿಸಿ ಮೇಲೆ ಮತ್ತಷ್ಟು ಮುಂಗಡವನ್ನು ಪಡೆಯುವನು. ಹೀಗೆ ತೋಟದಿಂದ ತೋಟಕ್ಕೆ ಗುಂಪು ನಡೆದಷ್ಟೂ ಚೀಟಿಯ ಮೇಲಿನ ಮೊತ್ತವು ಏರುತ್ತಿದ್ದಿತು. ಆ ಏರಿಕೆಯ ಹಣದಲ್ಲಿ ಎಷ್ಟು ಪಾಲು ಆಳುಗಳ ಹೊಟ್ಟೆಗೆ ಹೋಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ತನ್ನ ಬೆಲೆಯನ್ನು ಬರೆದ ಕಾಗದವನ್ನು ತಾನು ಓದಲಾರದವನ ಸ್ಥಿತಿಯು ಅದು. ೧೯೨೧ರಲ್ಲಿ ಸಿಂಹಳ ಸರಕಾರವು ಈ ತುಂಡಿನ ಪದ್ಧತಿಯನ್ನು ನಿಲ್ಲಿಸಿತು.

ಕಂಗಾಣಿಗಾದರೂ ಆಳಿನ ಹಾಜರಿಯಲ್ಲಿ ಆಸಕ್ತಿಯಿದ್ದಿತು. ಅರ್ಕಾಟಿಗೆ ಅದೂ ಇರಲಿಲ್ಲ. ಗುಲಾಮರ ವ್ಯಾಪಾರವನ್ನು ನಿಲ್ಲಿಸಿದ ಬ್ರಿಟಿಷ್ ಸಾಮ್ರಾಜ್ಯವು, ಗುಲಾಮಗಿರಿಯೂ ರದ್ದಾದ ೧೮೩೪ರಿಂದ ಮುಂದಕ್ಕೆ, ಕಬ್ಬಿನ ತೋಟಗಳಿಗೆಂದು ಹಿಂದೂಸ್ಥಾನದಿಂದ ಕರಾರಿನ ಕೂಲಿಗಳನ್ನು ಸಾಗಿಸಲಾರಂಭಿಸಿತು. ಮಾರಿಷಸ್, ಬ್ರಿಟಿಷ್ ಗಯಾನಾ, ಟ್ರಿನಿಡಾಡ್, ನೇಟಾಲ್, ಫೀಜಿ ಮೊದಲಾದ ದೇಶಗಳಿಗೆ ೧೯೧೭ರಲ್ಲಿ ಈ ಪದ್ಧತಿಯು ನಿಲ್ಲುವವರೆಗೆ ಹತ್ತು ಲಕ್ಷಕ್ಕೂ ಮಿಕ್ಕಿದ ಜನರು ಹೋದರು. ಫೀಜಿಯೊಂದಕ್ಕೇ ೧೮೭೯ರಿಂದ ೧೯೧೬ರವರೆಗೆ ಸುಮಾರು ೬೦,೦೦೦ ಜನರು ತೆರಳಿದರು. ಅವಧಿ ಐದು ವರ್ಷ. ಕೂಲಿ ಗಂಡಸಿಗೆ ದಿನಕ್ಕೆ ಒಂದು ಶಿಲ್ಲಿಂಗು, ಹೆಂಗಸಿಗೆ ಒಂಬತ್ತು ಪೆನ್ಸು. ‘ಅಗ್ರಿಮೆಂಟು’ ಎಂಬ ಮಾತು ಆ ಬಡವರ ನಾಲಗೆಯಲ್ಲಿ ‘ಗಿರ್ಮಿಟ್’ ಆಯಿತು. ಆ ಮಾತೇ ಅವರ ಬದುಕಿನ ಹೆಸರೂ ಆಯಿತು.

ಅರ್ಕಾಟಿಗೆ ಹಣವು ತಲೆಯೊಂದಕ್ಕೆ ಇಷ್ಟೆಂದು, ಡಿಪೋವಿಗೆ ತಂದೊಪ್ಪಿಸಿದ ಮೇಲೆ ಸಲ್ಲುತ್ತಿದ್ದಿತು. ನೂರು ಜನ ಗಂಡಸರಿಗೆ ನಾಲ್ವತ್ತು ಜನ ಹೆಂಗಸರಿರಬೇಕೆಂಬ ನಿಯಮವಿದ್ದುದರಿಂದ ಹೆಂಗಸಿನ ತಲೆಗೆ ಬೆಲೆ ಹೆಚ್ಚು. ಹಡಗು ಹೊರಟ ಮೇಲೆ ಆ ಮನುಷ್ಯನು ಸುಖವಾಗಿರುವನೋ ಸತ್ತನೋ ಎಂಬುದು ಅರ್ಕಾಟಿಯ ಲೆಕ್ಕದಲ್ಲಿ ಇರಲೇ ಇಲ್ಲ. ಅವನು ಆ ಮುಖವನ್ನು ಮತ್ತೆ ನೋಡಬೇಕಾಗಿರಲಿಲ್ಲ. ಜಾತ್ರೆಗಳಲ್ಲಿ, ತೀರ್ಥಕ್ಷೇತ್ರಗಳಲ್ಲಿ, ರೈಲು ನಿಲ್ದಾಣಗಳಲ್ಲಿ ದಿಕ್ಕುಗಾಣದೆ ನಿಂತವರನ್ನು ಹುಡುಕುವುದು ಅವನ ಕಸಬಾಯಿತು.

ತೋತಾರಾಮ ಸನಾಢ್ಯರ ವೃತ್ತಾಂತವು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ತಂದೆಯನ್ನು ಕಳೆದುಕೊಂಡು, ಕೆಲಸವನ್ನರಸುತ್ತ ಮನೆಯನ್ನು ಬಿಟ್ಟು ಬಂದ ಈ ತರುಣನು ೧೮೯೩ರಲ್ಲಿ ಪ್ರಯಾಗದಲ್ಲಿ ಅರ್ಕಾಟಿಯೊಬ್ಬನ ಸಿಹಿಮಾತಿಗೆ ಸಿಕ್ಕಿದನು. ಮ್ಯಾಜಿಸ್ಟ್ರೇಟರು ಏನು ಕೇಳಿದರೂ ಹೌದೆನ್ನಬೇಕೆಂದು ಮೊದಲೇ ಪಾಠ ಹೇಳಿಸಲಾಗಿತ್ತೆಂದೂ, ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಜನರ ಒಪ್ಪಿಗೆಯು ಬರೆದುಹೋಯಿತೆಂದೂ ಅವರು ತಿಳಿಸಿರುವರು. ಇಪ್ಪತ್ತೊಂದು ವರ್ಷ ಫೀಜಿಯಲ್ಲಿದ್ದು ೧೯೧೪ರಲ್ಲಿ ಮರಳಿದ ಮೇಲೆ, ಬನಾರಸೀದಾಸ ಚತುರ್ವೇದಿಯವರ ನೆರವಿನಿಂದ ಅವರು ಹೊರಡಿಸಿದ ಹಿಂದೀ ಪುಸ್ತಕವು ಈ ಪದ್ಧತಿಯ ವಿರುದ್ಧ ಲೋಕಾಭಿಪ್ರಾಯವನ್ನು ಕೆರಳಿಸಿದ ಕೃತಿಗಳಲ್ಲೊಂದು.

ಇಲ್ಲಿ ಗಮನಿಸಬೇಕಾದುದೊಂದುಂಟು. ಕರಾರಿನ ಕೂಲಿಯ ಪದ್ಧತಿಗೆ ಕಾನೂನು ಇರಲಿಲ್ಲವೆಂದಲ್ಲ. ಅರ್ಕಾಟಿಗಳನ್ನು ಕೆಲಸಕ್ಕಿಟ್ಟವರಿಗೆ ಲೈಸೆನ್ಸು ಇದ್ದಿತು. ಮ್ಯಾಜಿಸ್ಟ್ರೇಟರ ವಿಚಾರಣೆ ಇದ್ದಿತು. ದೇಶಭಾಷೆಯಲ್ಲಿ ಬರೆದ ಕರಾರುಪತ್ರವೂ ಇದ್ದಿತು. ಕಾಫಿಯ ಮೇಸ್ತ್ರಿಯ ಆಳಿಗೆ ಇಷ್ಟು ಕಾಗದಗಳು ಎಂದೂ ದೊರೆತಿರಲಿಲ್ಲ. ಆದಾಗ್ಯೂ ಕಾಗದವು ಕಾಪಾಡಲಿಲ್ಲ. ಕಾಗದವನ್ನು ಓದುವ ಶಕ್ತಿಯೂ, ಫೀಜಿಯೆಂದರೆ ಎಷ್ಟು ದೂರವೆಂದು ಕೇಳುವ ಧೈರ್ಯವೂ, ಒಲ್ಲೆನೆಂದರೆ ಮರಳಿ ಹೋಗಲು ಒಂದು ಮನೆಯೂ ಇಲ್ಲದವನಿಗೆ ಮುದ್ರೆಯೊತ್ತಿದ ಕಾಗದವು ಬರಿಯ ಸರಪಣಿಯ ಒಂದು ಕೊಂಡಿಯಾಯಿತು.

೪

ಪಟ್ಟಣದ ಗಿರಣಿಗಳಲ್ಲಿ ಮಧ್ಯಸ್ಥನ ಆಕಾರವು ಬೇರೆಯಾಯಿತು. ಮುಂಬಯಿಯ ಜಾಬರನು ಕೆಲಸಗಾರರ ಮೇಲಿನ ಮುಖಂಡನೂ ಹೌದು, ಅವರನ್ನು ನೇಮಿಸುವವನೂ ಹೌದು, ತೆಗೆದುಹಾಕುವವನೂ ಹೌದು. ನೂಲು ಸುತ್ತುವ ಹೆಂಗಸರ ವಿಭಾಗಗಳಲ್ಲಿ ನಾಯ್ಕಿಣಿಯೆಂಬ ಹೆಂಗಸು ಇದೇ ಅಧಿಕಾರವನ್ನು ನಡೆಸುತ್ತಿದ್ದಳು. ಹಳ್ಳಿಯಿಂದ ಬಂದವನಿಗೆ ಚಾಳಿನಲ್ಲಿ ಮಲಗಲು ಜಾಗವನ್ನು ತೋರಿಸುವವನು ಜಾಬರ. ಅಂಗಡಿಯಲ್ಲಿ ಸಾಲಕ್ಕೆ ಜಾಮೀನು ನಿಲ್ಲುವವನು ಜಾಬರ. ಆ ಉಪಕಾರಕ್ಕೆ ಪ್ರತಿಯಾಗಿ ಕೆಲಸಕ್ಕೆ ಸೇರುವಾಗಲೊಮ್ಮೆ ದಸ್ತೂರಿ. ರಜದಿಂದ ಮರಳಿದಾಗ ಮತ್ತೊಮ್ಮೆ.

ಈ ಏರ್ಪಾಟಿನೊಳಗಿನ ಕೇಡು ಸೂಕ್ಷ್ಮವಾದುದು. ಪ್ರತಿಯೊಂದು ಹೊಸ ನೇಮಕದಲ್ಲಿಯೂ ಕಾಣಿಕೆ ಬರುವುದಾದರೆ, ತೆರವಾಗುವ ಪ್ರತಿಯೊಂದು ಜಾಗವೂ ಲಾಭವೇ. ತೆರವು ಮಾಡುವ ಅಧಿಕಾರವೂ ಅದೇ ಕೈಯಲ್ಲಿದ್ದರೆ ಹೇಳುವುದೇನಿದೆ? ಮೇಸ್ತ್ರಿಯು ಆಳು ಹೋಗದಂತೆ ಕಟ್ಟಿಹಾಕಿದನು. ಜಾಬರನು ಹಳಬನನ್ನು ಕಳುಹಿಸಿ ಹೊಸಬನನ್ನು ತರುವ ಆಸೆಗೆ ಬಿದ್ದನು. ಕೂಲಿಯು ಕೈಸೇರುವ ಗಳಿಗೆಯು ಬದಲಾದೊಡನೆ ಕೇಡಿನ ದಿಕ್ಕೂ ಬದಲಾಯಿತು. ಅದುವರೆಗೆ ಆಳಿನ ಕಷ್ಟವು ಬಿಡಲಾರದ ಕೆಲಸವಾಗಿದ್ದರೆ, ಈಗ ನಿಲ್ಲಲಾರದ ಕೆಲಸವಾಯಿತು.

೧೯೨೯ರಲ್ಲಿ ನೇಮಕವಾದ ರಾಯಲ್ ಕಮಿಷನ್ನು, ಜಾನ್ ಹೆನ್ರಿ ವ್ಹಿಟ್ಲಿಯವರ ಅಧ್ಯಕ್ಷತೆಯಲ್ಲಿ ದೇಶವನ್ನೆಲ್ಲ ಸುತ್ತಿ ೧೯೩೧ರಲ್ಲಿ ವರದಿಯನ್ನೊಪ್ಪಿಸಿತು. ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳೂ ಎನ್. ಎಂ. ಜೋಶಿಯವರೂ ಅದರ ಸದಸ್ಯರಲ್ಲಿ ಸೇರಿದ್ದರು. ನೇಮಿಸುವ ಮತ್ತು ತೆಗೆದುಹಾಕುವ ಅಧಿಕಾರವನ್ನು ಜಾಬರನಿಂದ ಹಿಂದಕ್ಕೆ ಪಡೆಯಬೇಕೆಂದೂ, ಆ ಕೆಲಸಕ್ಕೆ ಕಾರ್ಖಾನೆಗಳಲ್ಲಿ ಪ್ರತ್ಯೇಕ ಅಧಿಕಾರಿಗಳಿರಬೇಕೆಂದೂ ಅದು ಸಲಹೆಮಾಡಿತು. ೧೯೩೫ರಲ್ಲಿ ಮುಂಬಯಿಯ ಗಿರಣಿಯ ಒಡೆಯರು, ಬದಲಿ ಕೆಲಸಗಾರರಿಗೆ ಚೀಟಿಯನ್ನು ಕೊಟ್ಟು ಅವರಿಂದಲೇ ತೆರವಾದ ಜಾಗಗಳನ್ನು ತುಂಬುವ ಕ್ರಮವನ್ನು ಆರಂಭಿಸಿದರು. ಜಾಬರನ ಬೇರುಗಳು ಒಂದೇ ದಿನದಲ್ಲಿ ಸಡಿಲವಾಗಲಿಲ್ಲ; ಆದರೆ ಸಡಿಲವಾಗತೊಡಗಿದುವು.

೫

ಓದುಬರಹ ಬಲ್ಲವರ ಮನೆಗಳಲ್ಲಿ ಇಂಥ ಮಧ್ಯಸ್ಥನಿರಲಿಲ್ಲವೆಂದು ತಿಳಿಯುವುದು ತಪ್ಪು. ಅಲ್ಲಿ ಅವನು ಶಿಫಾರಸಿನ ರೂಪದಲ್ಲಿದ್ದನು. ಕಛೇರಿಯಲ್ಲಿ ಮಾವನೋ ಷಡ್ಡಕನೋ ಇದ್ದರೆ ಗುಮಾಸ್ತೆಯ ಜಾಗವು ದೊರೆಯುತ್ತಿದ್ದಿತು. ಕೊಡುವ ದಸ್ತೂರಿಯು ಹಣವಲ್ಲ, ಜನ್ಮಪೂರ್ತಿಯ ಋಣ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲದಲ್ಲಿ (೧೮೮೩–೧೯೦೧) ಮೈಸೂರು ಸಂಸ್ಥಾನದ ಮೇಲಿನ ಹುದ್ದೆಗಳಿಗೆ ಸ್ಪರ್ಧೆಯ ಪರೀಕ್ಷೆಯು ಬಂದಿತು. ಅದು ಮಧ್ಯಸ್ಥನಿಲ್ಲದ ಬಾಗಿಲೆಂದು ಕಂಡಿತು. ಆದರೆ ಆ ಬಾಗಿಲಿನವರೆಗೆ ನಡೆದುಬರುವ ಓದಿನ ದಾರಿಯೇ ಬಹುಜನರಿಗೆ ಮುಚ್ಚಿದ್ದಿತೆಂಬ ದೂರು ಎದ್ದಿತು. ಅದನ್ನು ವಿಚಾರಿಸಲು ನಾಲ್ವಡಿ ಕೃಷ್ಣರಾಜ ಒಡೆಯರವರು ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರವರ ಸಮಿತಿಯನ್ನು ನೇಮಿಸಿದರು. ಹಿಂದುಳಿದ ಸಮುದಾಯಗಳಿಗೆ ಸರಕಾರದ ಸೇವೆಯಲ್ಲಿ ಅವಕಾಶವನ್ನು ಕಲ್ಪಿಸುವ ದಾರಿಯು ಅದರಿಂದ ತೆರೆಯಿತು.

ಮಧ್ಯಸ್ಥನ ಕೂಲಿಯನ್ನು ಅರಸುವವನೂ ಕೊಡಬೇಕಾಗಿಲ್ಲ, ಧಣಿಯೂ ಕೊಡಬೇಕಾಗಿಲ್ಲ, ಸರಕಾರವೇ ಕೊಡಲಿ ಎಂಬ ವಿಚಾರವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನಲ್ಲಿ ಕಾರ್ಯಕ್ಕೆ ಬಂದಿತು. ವಿಲಿಯಂ ಬೆವರಿಜರ ಸಲಹೆಯಿಂದ, ವಿನ್‌ಸ್ಟನ್ ಚರ್ಚಿಲರು ವ್ಯಾಪಾರ ಶಾಖೆಯ ಮಂತ್ರಿಗಳಾಗಿದ್ದಾಗ, ೧೯೦೯ರಲ್ಲಿ ಶಾಸನವಾಗಿ, ೧೯೧೦ರ ಫೆಬ್ರುವರಿಯಲ್ಲಿ ಉದ್ಯೋಗ ವಿನಿಮಯ ಕಛೇರಿಗಳು ಅಲ್ಲಿ ತೆರೆದುವು. ಹಿಂದೂಸ್ಥಾನದಲ್ಲಿ ಅವು ಬಂದುದು ೧೯೪೫ರಲ್ಲಿ, ಎರಡನೆಯ ಮಹಾಯುದ್ಧದಿಂದ ಮರಳಿದ ಸಿಪಾಯಿಗಳಿಗೆ ಜೀವನೋಪಾಯವನ್ನು ಕಲ್ಪಿಸುವುದಕ್ಕಾಗಿ. ದೇಶವಿಭಾಗದ ತರುವಾಯ ನಿರಾಶ್ರಿತರಿಗೂ, ೧೯೪೮ರಿಂದ ಎಲ್ಲರಿಗೂ ಅವುಗಳ ಬಾಗಿಲು ತೆರೆಯಿತು.

ಈ ಕಛೇರಿಗಳ ಮುಂದಿನ ರೂಪವನ್ನು ನಿಶ್ಚಯಿಸಲು ೧೯೫೨ರಲ್ಲಿ ಏರ್ಪಟ್ಟ ಸಮಿತಿಗೆ ಅಧ್ಯಕ್ಷರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ಶಿವರಾಯರು. ಕಾರ್ಖಾನೆಯ ಕೆಲಸಗಾರರ ಸ್ಥಿತಿಯನ್ನು ಕುರಿತು ಅವರು ೧೯೩೯ರಲ್ಲಿಯೇ ಗ್ರಂಥವನ್ನು ಬರೆದಿದ್ದರು. ಅವರ ಸಮಿತಿಯ ಸಲಹೆಯ ಮೇರೆಗೆ ಕಛೇರಿಗಳ ದೈನಂದಿನ ಆಡಳಿತವು ೧೯೫೬ನೆಯ ನವೆಂಬರು ೧ರಂದು ರಾಜ್ಯಗಳ ಕೈಗೆ ಬಂದಿತು. ಕನ್ನಡನಾಡು ಒಂದಾದುದೂ ಅದೇ ದಿನ. ಖಾಲಿಯಿರುವ ಜಾಗಗಳನ್ನು ಈ ಕಛೇರಿಗಳಿಗೆ ತಿಳಿಸಬೇಕೆಂದು ೧೯೫೯ರ ಶಾಸನವು ವಿಧಿಸಿತು. ಆದರೆ ತಿಳಿಸಬೇಕೆಂದಿತೇ ಹೊರತು, ಅಲ್ಲಿಂದಲೇ ಆರಿಸಬೇಕೆನ್ನಲಿಲ್ಲ. ಹೆಸರನ್ನು ಬರೆಯಿಸಿ ಚೀಟಿಯನ್ನು ಪಡೆದು, ಕರೆಗಾಗಿ ವರ್ಷಗಟ್ಟಲೆ ಕಾದವರ ಒಂದು ತಲೆಮಾರೇ ಆಗಿಹೋಯಿತು. ಸರಕಾರದ ಗುಮಾಸ್ತೆಯು ದಸ್ತೂರಿಯನ್ನು ಕೇಳಲಿಲ್ಲ. ಆದರೆ ಅರಸುವವನಿಗೆ ಕೆಲಸ ಸಿಕ್ಕಿದರೂ ಸಿಕ್ಕದಿದ್ದರೂ ಅವನ ಸಂಬಳಕ್ಕೆ ಲೋಪವಿರಲಿಲ್ಲ. ಕೂಲಿಯ ಗಳಿಗೆಯು ಇಲ್ಲಿಯೂ ತನ್ನ ಗುಣವನ್ನು ತೋರಿಸಿತು.

ತೋಟಗಳಲ್ಲಿ ೧೯೫೧ರ ಪ್ಲಾಂಟೇಷನ್ ಕಾಯಿದೆಯು ಬಂದು, ಕಂಗಾಣಿ ಪದ್ಧತಿಯು ಆ ದಶಕದಿಂದ ಹಿಂದೆ ಸರಿಯಿತು. ಹೊರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟರು ಸರಕಾರದಲ್ಲಿ ನೋಂದಣಿಯಾಗಬೇಕೆಂದು ೧೯೮೩ರ ಶಾಸನವು ಕಟ್ಟಳೆಯನ್ನು ಮಾಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೧೯ರಿಂದಲೇ ಈ ವಿಚಾರವನ್ನು ಚರ್ಚಿಸುತ್ತ ಬಂದು, ಕೆಲಸವನ್ನು ಅರಸುವವರಿಂದ ನೇರವಾಗಿಯೂ ಪರೋಕ್ಷವಾಗಿಯೂ ಶುಲ್ಕವನ್ನು ಪಡೆಯಕೂಡದೆಂಬ ತತ್ತ್ವವನ್ನು ೧೯೯೭ರ ಒಡಂಬಡಿಕೆಯಲ್ಲಿ ಎತ್ತಿಹಿಡಿಯಿತು.

೬

೧೯೯೧ರ ತರುವಾಯ ಬೆಂಗಳೂರಿನಲ್ಲಿ ಹೊಸ ಉದ್ಯಮಗಳು ಬೆಳೆದಂತೆ ನೇಮಕಾತಿಯೇ ಒಂದು ಉದ್ಯಮವಾಯಿತು. ಇಂದಿನ ವಿದ್ಯಾವಂತ ತರುಣತರುಣಿಯರಿಗೆ ಮೊದಲು ಬರುವ ಕರೆಯು ಎಷ್ಟೋ ಸಲ ಕಂಪನಿಯದಲ್ಲ, ನೇಮಕಾತಿ ಸಂಸ್ಥೆಯವರದು. ಇವರ ವಿಷಯದಲ್ಲಿಯೂ ಹಳೆಯ ಎರಡು ಪ್ರಶ್ನೆಗಳನ್ನೇ ಕೇಳಬೇಕು. ಸರಿಯಾಗಿ ನಡೆಯುವ ಸಂಸ್ಥೆಗೆ ಹಣವನ್ನು ಕೊಡುವುದು ಕಂಪನಿ. ಅಭ್ಯರ್ಥಿಯು ಕೆಲಸಕ್ಕೆ ಸೇರಿದ ಮೇಲೆ ಅದು ಸಾಮಾನ್ಯವಾಗಿ ಅವನ ವಾರ್ಷಿಕ ಸಂಬಳದ ಒಂದು ಪಾಲಿನಂತೆ ಸಲ್ಲುತ್ತದೆ. ಸೇರಿದವನು ಕೆಲವು ತಿಂಗಳೊಳಗೆ ಬಿಟ್ಟರೆ ಅವನ ಬದಲಿಗೆ ಮತ್ತೊಬ್ಬನನ್ನು ಹುಡುಕಿಕೊಡಬೇಕೆಂಬ ಷರತ್ತೂ ಹಲವೆಡೆ ಇರುತ್ತದೆ.

ಇಷ್ಟನ್ನು ತಿಳಿದರೆ ಇವರೊಡನೆ ನಡೆದುಕೊಳ್ಳುವ ಬಗೆಯು ತಾನಾಗಿಯೇ ಸ್ಪಷ್ಟವಾಗುತ್ತದೆ. ಇವರು ಅಭ್ಯರ್ಥಿಯ ವಕೀಲರಲ್ಲ. ಆದರೆ ಶತ್ರುಗಳೂ ಅಲ್ಲ. ಅಭ್ಯರ್ಥಿಯು ಸೇರಿ ಉಳಿಯುವುದರಲ್ಲಿ ಇಬ್ಬರ ಹಿತವೂ ಕೂಡುತ್ತದೆ. ಯಾವ ಕೆಲಸಕ್ಕೆ ಸೇರಬೇಕು, ಎಷ್ಟು ಬೇಗ ಸೇರಬೇಕು ಎಂಬಲ್ಲಿ ಅಗಲುತ್ತದೆ. ಹಿತವು ಕೂಡಿದೆಡೆಯಲ್ಲಿ ಇವರಿಂದ ಪಡೆಯತಕ್ಕದ್ದು ಬಹಳವಿದೆ: ಕಂಪನಿಯು ನಿಜವಾಗಿ ಬಯಸುವುದೇನು, ಜಾಗವು ತೆರವಾದುದೇಕೆ, ಸಂಬಳದ ಮಿತಿ ಯಾವುದು ಎಂಬುದನ್ನು ಬಲ್ಲವರು ಇವರು. ತನ್ನ ವಿದ್ಯೆ, ಅನುಭವ, ಸಂಬಳದ ಅಪೇಕ್ಷೆಗಳನ್ನು ಇವರಿಗೆ ಯಥಾರ್ಥವಾಗಿ ತಿಳಿಸಿದವನಿಗೆ ಯೋಗ್ಯವಾದ ಕರೆಗಳೇ ಬರುತ್ತವೆ. ಹಿಗ್ಗಿಸಿ ಹೇಳಿದವನು ಇವರ ನಂಬಿಕೆಯನ್ನೂ ಕಳೆದುಕೊಳ್ಳುತ್ತಾನೆ. ಒಂದೇ ಜಾಗಕ್ಕೆ ಇಬ್ಬರು ಮಧ್ಯಸ್ಥರ ಮೂಲಕ ಅರ್ಜಿ ಹೋದರೆ ದಸ್ತೂರಿಯು ಯಾರದೆಂಬ ವ್ಯಾಜ್ಯ ಹುಟ್ಟಿ, ಕೊನೆಗೆ ನಷ್ಟವಾಗುವುದು ಅರ್ಜಿದಾರನಿಗೆ. ಆದುದರಿಂದ ತನ್ನ ಹೆಸರು ಎಲ್ಲಿಗೆ ಹೋಗುತ್ತದೆಂಬುದನ್ನು ಕೇಳಿ, ಬರೆದಿಟ್ಟುಕೊಳ್ಳುವುದು ಯುಕ್ತ.

ಹಿತವು ಅಗಲುವೆಡೆಯಲ್ಲಿ ಎಚ್ಚರ ಬೇಕು. ಇಂದೇ ಒಪ್ಪಬೇಕು, ನಾಳೆ ಜಾಗವಿರುವುದಿಲ್ಲ ಎಂಬ ಅವಸರದ ಹಿಂದೆ ದಸ್ತೂರಿಯ ಗಳಿಗೆಯಿರಬಹುದು. ಬಾಯಿಮಾತಿನ ಸಂಬಳವನ್ನು ನಂಬಿ ಇದ್ದ ಕೆಲಸಕ್ಕೆ ರಾಜೀನಾಮೆಯನ್ನು ಕೊಡಲಾಗದು. ಕಂಪನಿಯ ಪತ್ರವು ಕೈಗೆ ಬರಲಿ. ಇನ್ನು ನೋಂದಣಿಗೆಂದೋ ತರಬೇತಿಗೆಂದೋ ಮುಂಗಡವಾಗಿ ಅಭ್ಯರ್ಥಿಯಿಂದಲೇ ಹಣವನ್ನು ಕೇಳುವವನು, ಅಥವಾ ಪದವಿಯ ಮೂಲಪತ್ರಗಳನ್ನು ತನ್ನಲ್ಲಿ ಇಟ್ಟುಕೊಳ್ಳುವವನು ಬಂದರೆ, ಅವನ ವಂಶವೃಕ್ಷವನ್ನು ಈ ಚರಿತ್ರೆಯಲ್ಲಿಯೇ ಹುಡುಕಬಹುದು. ಅರ್ಕಾಟಿಯಂತೆ ಅವನಿಗೆ ಲಾಭವು ಮೊದಲೇ ಮುಗಿದಿರುತ್ತದೆ. ತುಂಡಿನಂತೆ ಆ ಮೂಲಪತ್ರವು ಮನುಷ್ಯನನ್ನು ಹಿಡಿದುನಿಲ್ಲಿಸುತ್ತದೆ.

ಘಟ್ಟವನ್ನು ಹತ್ತಿದ ಆಳಿಗೂ ಇಂದಿನ ಪದವೀಧರನಿಗೂ ಇರುವ ಅಂತರವು ಸಂಬಳದಲ್ಲಿ ಮಾತ್ರವಿಲ್ಲ. ಆಳಿಗೆ ಕರಾರನ್ನು ಓದಲು ಬರುತ್ತಿರಲಿಲ್ಲ, ಪ್ರಶ್ನಿಸುವ ಸ್ಥಾನವಿರಲಿಲ್ಲ, ಒಲ್ಲೆನೆಂದರೆ ಸೆರೆಮನೆಯಿದ್ದಿತು. ಈ ಮೂರರಿಂದಲೂ ಪದವೀಧರನು ಬಿಡುಗಡೆಯನ್ನು ಪಡೆದಿದ್ದಾನೆ. ಆ ಬಿಡುಗಡೆಯು ಹೆಸರಿಲ್ಲದ ಎಷ್ಟೋ ಜನರ ಕಷ್ಟದಿಂದ ಬಂದುದು. ಆದರೂ ಓದಬಲ್ಲವನು ಓದದೆ ಸಹಿ ಹಾಕಿದರೆ, ಕೇಳಬಲ್ಲವನು ಸಂಕೋಚದಿಂದ ಕೇಳದೆ ಉಳಿದರೆ, ಅವನು ತನ್ನ ಹೆಬ್ಬೆಟ್ಟನ್ನು ತಾನೇ ಮಸಿಗೆ ಅದ್ದಿದಂತಾಯಿತು. ದಾರಿಯನ್ನು ಬಲ್ಲ ಮೇಸ್ತ್ರಿಯು ಎಂದಿಗೂ ಬೇಕು. ಅವನ ಜೊತೆಯಲ್ಲಿ ನಡೆಯುವವನು, ಆ ದಾರಿಯು ಎಲ್ಲಿಗೆ ಹೋಗುತ್ತದೆಂಬುದನ್ನು ಬೆಟ್ಟದ ಬುಡದಲ್ಲಿಯೇ ಕೇಳಿ ಹೊರಡುವುದು ಲೇಸು.